ಕೊಯ್ಯದೆ ಬಿಟ್ಟ ಹುಲ್ಲು

"ಹುಲ್ಲು ಬಲಿತುಹೋಗಿದೆ. ಇಷ್ಟು ಹೊತ್ತಿಗೆ ಕೊಯ್ದು ಬಣವೆ ಒಟ್ಟಬೇಕಿತ್ತು. ಇವರಿಗೆ ಆಳು ಸಿಗಲಿಲ್ಲವೇ?"

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹೀಗೆ ಕೇಳಿದಾಗ ನಾವು ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ನಗರದ ಅಂಚಿನಲ್ಲಿ, ಸೌತ್ ಬೋಲ್ಡರ್ ಕ್ರೀಕ್ ಎಂಬ ಹೊಳೆಯ ದಂಡೆಯ ಕಾಲುದಾರಿಯಲ್ಲಿದ್ದೆವು. ತಿಪಟೂರಿನ ಹತ್ತಿರದ ನಮ್ಮ ಊರಿನಿಂದ ಅವರು ಬಂದು ಐದು ವಾರವಾಗಿತ್ತು. ಅಂಗಡಿ, ಮ್ಯೂಸಿಯಂ, ಹಿಮ ಹೊತ್ತ ಬೆಟ್ಟ ಯಾವುದೂ ಅವರನ್ನು ಹಿಡಿದು ನಿಲ್ಲಿಸಿರಲಿಲ್ಲ. ಸೊಂಟದೆತ್ತರದ ಈ ಹುಲ್ಲಿನ ಮುಂದೆ ಮಾತ್ರ ತಾವಾಗಿಯೇ ನಿಂತರು.

"ಆಳಿನ ತೊಂದರೆಯಲ್ಲ ಅಪ್ಪ, ಒಳಗೆ ಹಕ್ಕಿ ಗೂಡು ಕಟ್ಟಿದೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ಬಾಬೊಲಿಂಕ್ ಎಂಬ ಆ ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು. ಗಂಡಿನ ಹೊಟ್ಟೆ ಕಪ್ಪು, ಬೆನ್ನಿನ ಮೇಲೆ ಬಿಳಿ, ಕತ್ತಿನ ಹಿಂದೆ ಒಣಹುಲ್ಲಿನ ಬಣ್ಣ. ಇಲ್ಲಿ ಚಳಿ ಇರುವಷ್ಟು ದಿನ ಅರ್ಜೆಂಟೀನ, ಪರಾಗ್ವೆಗಳ ಕಡೆ ಇದ್ದು, ಬೇಸಿಗೆಗೆ ಸಾವಿರಾರು ಕಿಲೋಮೀಟರ್ ಹಾರಿ ಬರುತ್ತದೆ. ಗೂಡು ಮರದ ಮೇಲಲ್ಲ, ಹುಲ್ಲಿನ ಬುಡದಲ್ಲಿ ನೆಲದ ಮೇಲೆ. ಜೂನ್‌ನಲ್ಲಿ ಕೊಯ್ಲಿನ ಯಂತ್ರ ಹರಿದರೆ ಮೊಟ್ಟೆ, ಮರಿ ಎಲ್ಲವೂ ಹುಲ್ಲಿನ ಜೊತೆಗೇ ಹೋಗುತ್ತವೆ. ಅದಕ್ಕಾಗಿ ನಗರದಿಂದ ಈ ನೆಲವನ್ನು ಗುತ್ತಿಗೆಗೆ ಪಡೆದ ರೈತರು ಇಂಥ ಹುಲ್ಲುಗಾವಲುಗಳನ್ನು ಜುಲೈ ಮಧ್ಯದವರೆಗೆ ಮುಟ್ಟುವುದಿಲ್ಲ.

"ಬಲಿತ ಹುಲ್ಲಿನಲ್ಲಿ ಸತ್ವ ಇರುವುದಿಲ್ಲ ಕಣಮ್ಮ. ರೈತನಿಗೆ ನಷ್ಟ" ಎಂದರು ಅಪ್ಪ. ಹಾಗೆನ್ನುತ್ತಲೇ ಒಂದು ತೆನೆ ಮುಟ್ಟಿ ನೋಡಲು ದಾರಿಯಿಂದ ಕೆಳಗೆ ಕಾಲಿಟ್ಟರು. ಹಿಂದಿನಿಂದ ಮೆಲ್ಲಗೆ ಕೂಗಿದ್ದು ಕೇಳಿಸಿತು. ಕೊರಳಲ್ಲಿ ದುರ್ಬೀನು ತೂಗಿಸಿಕೊಂಡಿದ್ದ, ಅಪ್ಪನದೇ ವಯಸ್ಸಿನ ಮಹಿಳೆ. ಮರಿ ಮಾಡುವ ಕಾಲದಲ್ಲಿ ದಾರಿ ಬಿಟ್ಟು ಇಳಿಯಬಾರದು ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡಿದ್ದರು. ಗದ್ದೆಯ ಬದುವಿನ ಮೇಲೆ ಬದುಕಿದವರಿಗೆ ಆ ದನಿ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಆಕೆ ತಡೆದು ಹೊರಟುಹೋಗಲಿಲ್ಲ. ದುರ್ಬೀನು ಬಿಚ್ಚಿ ಅಪ್ಪನ ಕೈಗೆ ಕೊಟ್ಟರು. ಹಾರುತ್ತಲೇ ಹಾಡುವ ಹಕ್ಕಿ ಅದು. ಸಣ್ಣ ಬಾಯಿಯ ಚೊಂಬಿನಿಂದ ನೀರು ಬಗ್ಗಿಸಿದಂತೆ ಗುಳುಗುಳು ಸದ್ದು. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಹಕ್ಕಿಯ ವಿಷಯವಲ್ಲ.

"ಈ ಜಮೀನು ಯಾರದು, ಕೇಳು."

ನಗರದ್ದು ಎಂದರು ಆಕೆ.

"ನಾಳೆ ನಗರಕ್ಕೆ ದುಡ್ಡು ಬೇಕಾದರೆ? ಸೈಟು ಮಾಡಿ ಮಾರುವುದಿಲ್ಲವೇ?"

ನಾನು ಇಲ್ಲಿಗೆ ಬಂದು ಒಂಬತ್ತು ವರ್ಷವಾದರೂ ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಆ ಮಹಿಳೆ ಹೇಳಿದ್ದರಲ್ಲಿ ಕೆಲವು ನನಗೆ ಗೊತ್ತಿದ್ದವು. 1898ರಷ್ಟು ಹಿಂದೆಯೇ ಈ ಊರು ಸಾಲಪತ್ರ ಹೊರಡಿಸಿ ಬೆಟ್ಟದ ತಪ್ಪಲಿನ ಜಮೀನು ಕೊಂಡಿತು. 1959ರಲ್ಲಿ ಬೆಟ್ಟದ ಮೇಲೆ ಸುಮಾರು 5,750 ಅಡಿ ಎತ್ತರದಲ್ಲಿ ಗೆರೆ ಎಳೆದು, ಅದರಾಚೆಗೆ ನಗರದ ನೀರು ಕೊಡುವುದಿಲ್ಲ ಎಂದು ಮತ ಹಾಕಿ ತೀರ್ಮಾನಿಸಿತು. 1967ರಲ್ಲಿ ಜನ ಮಾರಾಟ ತೆರಿಗೆಯನ್ನು ತಮ್ಮ ಮೇಲೆ ತಾವೇ ಹೇರಿಕೊಂಡರು, ನೂರು ಡಾಲರಿಗೆ ನಲವತ್ತು ಸೆಂಟಿನಂತೆ. ಹೀಗೆಲ್ಲ ಕೂಡಿಸುತ್ತ ಬಂದ ನೆಲ ಈಗ 45,000 ಎಕರೆಗೂ ಹೆಚ್ಚು.

ಅಪ್ಪನಿಗೆ ಬೇಕಿದ್ದ ಉತ್ತರ 1986ರದು. ಆ ವರ್ಷ ನಗರದ ಮೂಲ ಶಾಸನದಲ್ಲೇ ಈ ನೆಲದ ರಕ್ಷಣೆಯನ್ನು ಬರೆದರು. ಮಾರಬೇಕಾದರೆ, ಬದಲಿ ಕೊಡಬೇಕಾದರೆ ಮೊದಲು ಸಾರ್ವಜನಿಕ ಅಹವಾಲು ನಡೆಯಬೇಕು. ಈ ನೆಲಕ್ಕೆಂದೇ ಇರುವ ಐವರ ಧರ್ಮದರ್ಶಿ ಮಂಡಳಿಯಲ್ಲಿ ಕನಿಷ್ಠ ಮೂವರು ಒಪ್ಪಬೇಕು. ಬಳಿಕ ನಗರಸಭೆ ಒಪ್ಪಬೇಕು. ಅಷ್ಟಾದ ಮೇಲೂ 60 ದಿನ ಕಾಯಬೇಕು; ಆ ಅವಧಿಯಲ್ಲಿ ಮತದಾರರಲ್ಲಿ ನೂರಕ್ಕೆ ಐದು ಮಂದಿ ಸಹಿ ಹಾಕಿದರೆ ವಿಷಯ ಜನರ ಮತಕ್ಕೆ ಹೋಗುತ್ತದೆ. 2013ರ ಸೆಪ್ಟೆಂಬರಿನ ಪ್ರವಾಹದ ನಂತರ ಇದೇ ಹೊಳೆಗೆ ತಡೆಗೋಡೆ ಕಟ್ಟಲು ಒಂದೆರಡು ಎಕರೆ ಬೇಕಾದಾಗಲೂ ಈ ಮೆಟ್ಟಿಲುಗಳನ್ನೆಲ್ಲ ಹತ್ತಲೇಬೇಕಾಯಿತು.

ಅಪ್ಪ ಪ್ರತಿಯೊಂದು ಮೆಟ್ಟಿಲನ್ನೂ ಎರಡೆರಡು ಸಲ ಹೇಳಿಸಿಕೊಂಡರು. "ಮಾರುವವನ ಕೈಯನ್ನೇ ಕಟ್ಟಿದ್ದಾರೆ" ಎಂದು ತಮಗೆ ತಾವೇ ಹೇಳಿಕೊಂಡರು.

ವಾಪಸು ಬರುವಾಗ ಅವರು ಮಾತಾಡಿದ್ದೆಲ್ಲ ನಮ್ಮೂರಿನ ಗೋಮಾಳದ ಬಗ್ಗೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಟಿಟ್ಟಿಭ ಹಕ್ಕಿ ಬರೀ ಕಲ್ಲುನೆಲದಲ್ಲಿ ಮೊಟ್ಟೆಯಿಟ್ಟು, ಹತ್ತಿರ ಹೋದರೆ ತಲೆಯ ಮೇಲೇ ಕಿರುಚುತ್ತಿತ್ತು. ಬೆಳಗಿನ ಹೊತ್ತು ಗೌಜಲಹಕ್ಕಿಗಳ ಕೂಗು ಮನೆಯವರೆಗೂ ಕೇಳುತ್ತಿತ್ತು. ಕಾನೂನು ನಮ್ಮಲ್ಲೂ ಇದೆ. ನೂರು ರಾಸಿಗೆ ಮೂವತ್ತು ಎಕರೆಯಂತೆ ಗೋಮಾಳ ಕಾಯ್ದಿರಿಸಬೇಕು. ಆದರೆ ಅಪ್ಪ ಹೇಳಿದ್ದು ಅದರ ಇನ್ನೊಂದು ಮುಖ. ರಾಸು ಕಡಿಮೆಯಾದಂತೆ ಉಳಿದ ನೆಲ ಲೆಕ್ಕದಲ್ಲಿ 'ಹೆಚ್ಚುವರಿ' ಆಗುತ್ತದೆ, ಹೆಚ್ಚುವರಿಯಾದದ್ದನ್ನು ಮಂಜೂರು ಮಾಡಬಹುದು. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು, ಎತ್ತುಗಳ ಹಿಂದೆಯೇ ನೆಲವೂ ಹೋಯಿತು. ಟಿಟ್ಟಿಭವನ್ನು ಆ ಲೆಕ್ಕಕ್ಕೆ ಯಾರೂ ಸೇರಿಸಿರಲಿಲ್ಲ.

ಬೋಲ್ಡರಿನ ಈ ಏರ್ಪಾಡಿಗೆ ಬೆಲೆಯೂ ಇದೆ, ಅದನ್ನು ನಾನೇ ತೆರುತ್ತಿದ್ದೇನೆ. ಸುತ್ತಲೂ ಕಟ್ಟಲಾಗದ ನೆಲವಿರುವುದರಿಂದ ಇಲ್ಲಿ ಮನೆ ಬಹಳ ದುಬಾರಿ. ಕೆಲಸ ಇಲ್ಲಿ, ವಾಸ ಪಕ್ಕದ ಲಾಫಾಯೆಟ್‌ನಲ್ಲಿ. ದಿನವೂ ಈ ಹುಲ್ಲುಗಾವಲುಗಳನ್ನು ದಾಟಿಯೇ ಓಡಾಡುತ್ತೇನೆ. ಬಾಡಿಗೆ ಕಟ್ಟುವ ದಿನ ಬೇಸರವಾಗುವುದುಂಟು. ಆದರೂ ನಾಳೆ ಈ ನೆಲ ಮಾರುವ ಮಾತು ಬಂದು ನನಗೆ ಮತವಿದ್ದರೆ, ಬೇಡ ಎಂದೇ ಹಾಕುತ್ತೇನೆ. ಸೈಟಾದ ನೆಲ ಮತ್ತೆ ಹುಲ್ಲುಗಾವಲಾದದ್ದನ್ನು ನಾನು ಕಂಡಿಲ್ಲ.

ರಾತ್ರಿ ಊಟವಾದ ಮೇಲೆ ಅಪ್ಪ ನನ್ನ ಮೊಬೈಲ್ ಕೇಳಿ ಪಡೆದು ಊರಿಗೆ ಫೋನ್ ಮಾಡಿದರು. ಅಲ್ಲಿ ಸೋಮವಾರ ಬೆಳಿಗ್ಗೆ. ಚಿಕ್ಕಪ್ಪ ಅಮೆರಿಕದ ಸಮಾಚಾರ ಕೇಳುತ್ತಿದ್ದರೆ ಅಪ್ಪ ಬೇರೆಯೇ ಕೇಳುತ್ತಿದ್ದರು.

"ಊರಲ್ಲಿ ಈಗ ಒಟ್ಟು ಎಷ್ಟು ರಾಸು ಇರಬಹುದು? ಕುರಿ ಬಿಡು, ದನ, ಎಮ್ಮೆ ಹೇಳು. ಅಂದಾಜು ಬೇಡ, ಮನೆ ಮನೆಗೆ ಹೋಗಿ ಎಣಿಸು. ಹಾಗೆಯೇ ಕೆರೆ ಹಿಂದಿನ ಉಳಿದ ಗೋಮಾಳದ ಪಹಣಿ ತೆಗೆಸಿಡು. ನಾನು ಬಂದು ಅರ್ಜಿ ಬರೆಯುತ್ತೇನೆ."