ಯಾವ ನಂಬರ್, ಕಾಕಾ?

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ಹೊತ್ತು. ಕಲಬುರಗಿಯಲ್ಲಿ ಹೋಮ್ ಐಸೋಲೇಶನ್ ಪೇಶಂಟ್‌ಗಳಿಗೆ ದಿನಾ ಫೋನ್ ಮಾಡುವ ಡ್ಯೂಟಿ ನನಗೆ ಬಿದ್ದಿತ್ತು. ಬೆಳಿಗ್ಗೆ ಲೈನ್ ಲಿಸ್ಟ್, ಅಂದರೆ ಪೇಶಂಟ್‌ಗಳ ಪಟ್ಟಿ, ಬರುತ್ತಿತ್ತು. ಮಧ್ಯಾಹ್ನದ ರಿವ್ಯೂ ಒಳಗೆ ಎಲ್ಲಾ ಕಾಲ್ ಮುಗಿಸಬೇಕು. ಶೀಟಿನಲ್ಲಿ ಜ್ವರ, ಕೆಮ್ಮು, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಇದೆ ಅನ್ನುವುದು), ಕೊನೆಗೆ ‘ಸ್ಟೇಬಲ್’ ಅನ್ನುವ ಕಾಲಂ. ಏನು ಉಂಡರು, ನಿದ್ದೆ ಬಂತಾ, ಹತ್ತಿರ ಯಾರಿದ್ದಾರೆ ಅಂತ ಬರೆಯಲು ಜಾಗವೇ ಇರಲಿಲ್ಲ. ಮೇಲಿನವರಿಗೆ ಎರಡು ಸಲ ಹೇಳಿ ನೋಡಿದೆ. ‘ಪೆಂಡಿಂಗ್ ಎಷ್ಟು?’ ಅಂತ ಮಾತ್ರ ಕೇಳಿದರು.

ಆ ಲಿಸ್ಟಿನಲ್ಲಿ ಒಬ್ಬ ಹಿರಿಯರಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಮಾಳಿಗೆ ಮೇಲಿನ ಸಣ್ಣ ಕೋಣೆಯಲ್ಲಿ ಅವರೊಬ್ಬರೇ. ಕೆಳಗೆ ಮಗ, ಸೊಸೆ, ಎರಡು ಮಕ್ಕಳು, ಎಲ್ಲರಿಗೂ ಒಂದೇ ಬಚ್ಚಲು. ಸೊಸೆ ಬಹಳ ಜಾಣೆ. ಕಾಕಾ ಕೊನೆಗೆ ಬಚ್ಚಲು ಬಳಸುವುದು, ಆಮೇಲೆ ಬ್ಲೀಚಿಂಗ್ ನೀರಿನಿಂದ ತೊಳೆಯುವುದು, ಅವರ ತಾಟು, ಲೋಟ ಬೇರೆ ಇಡುವುದು, ಎಲ್ಲಾ ತಾನೇ ಹೊಂದಿಸಿಕೊಂಡಿದ್ದಳು. ಮೇ ತಿಂಗಳ ಬಿಸಿಲಿಗೆ ಕಿಟಕಿ ತೆರೆದರೆ ಉರಿಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ, ಸಂಜೆ ತೆಗೆದಿಡಿ, ಮಧ್ಯಾಹ್ನ ಕಿಟಕಿಗೆ ಒದ್ದೆ ಸೀರೆ ಕಟ್ಟಿ ಅಂತ ಹೇಳಿದ್ದೆ. ಹಾಗೇ ಮಾಡಿದ್ದರು.

ಕಾಕಾಗೆ ದವಾಖಾನೆ ಅಂದರೆ ಭಯ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯವರದೇ ಅಲ್ವಾ. ಆ ಹೆದರಿಕೆ ಇಲ್ಲಿ ಜನರ ಮನಸ್ಸಿನಿಂದ ಹೋಗಿರಲಿಲ್ಲ. ‘ಒಳಗ ಹೋದವರು ಹೊರಗ ಬರಂಗಿಲ್ಲವ್ವ’ ಅನ್ನುತ್ತಿದ್ದರು.

ದಿನಾ ಕೇಳುತ್ತಿದ್ದೆ, ‘ಹೆಂಗಿದ್ದೀರಿ ಕಾಕಾ?’

‘ಆರಾಮ ಅದೀನವ್ವ. ನೀ ಆರಾಮ?’

‘ಸ್ಯಾಚುರೇಶನ್ ಎಷ್ಟು?’

‘ತೊಂಬತ್ತಾರು.’

ಸ್ಟೇಬಲ್. ಮುಂದಿನ ನಂಬರ್.

ನಮ್ಮ ಕಡೆ ಯಾರನ್ನು ಕೇಳಿದರೂ ಮೊದಲು ಆರಾಮ ಅಂತಾರೆ. ಜ್ವರದಲ್ಲಿ ನಡುಗುತ್ತಿದ್ದರೂ ಆರಾಮ. ಇದೇ ಊರಲ್ಲಿ ಹುಟ್ಟಿ ಬೆಳೆದವಳು ನಾನು. ನನಗೆ ಇದು ಹೊಳೆಯಬೇಕಿತ್ತು. ಏಳನೇ ದಿನ ಸೊಸೆ ಹಿಂದಿನಿಂದ ಒಂದು ಮಾತು ಹೇಳಿದಳು, ‘ಮಾವನವರು ರೊಟ್ಟಿ ಒಲ್ಲೆ ಅಂತಾರ್ರಿ, ಅಂಬಲಿ ಕುಡೀತಾರ.’ ಬಾಯಿಗೆ ರುಚಿ ಹೋಗಿರಬೇಕು ಅಂದುಕೊಂಡು ಕಾಲ್ ಮುಗಿಸಿದೆ. ಆಗ ಇನ್ನೂ ಇಪ್ಪತ್ತಕ್ಕೂ ಜಾಸ್ತಿ ಕಾಲ್ ಬಾಕಿ ಇದ್ದವು.

ಎಂಟನೇ ದಿನ ‘ಆರಾಮ’ ಅನ್ನುವ ಮಾತೇ ಎರಡು ತುಂಡಾಗಿ ಬಂತು. ನಡುವೆ ಉಸಿರು ಎಳೆದ ಸದ್ದು.

ಸೊಸೆಗೆ ಫೋನ್ ಮಾಡಿ, ಮಾಸ್ಕ್ ಹಾಕಿಕೊಂಡು ಮೇಲೆ ಹೋಗಲು ಹೇಳಿದೆ. ‘ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಕಾಣುವ ಎರಡೂ ನಂಬರ್ ಹೇಳವ್ವ.’

‘ಒಂದು ತೊಂಬತ್ತೇಳು ಅದರಿ. ಇನ್ನೊಂದು ಎಂಬತ್ತೆಂಟು.’

‘ಪರ್ಸೆಂಟ್ ಗುರುತು ಯಾವುದರ ಹತ್ತಿರ ಇದೆ?’

ಅವಳು ನೋಡುವಷ್ಟರಲ್ಲಿ ನನ್ನ ಕೈ ತಣ್ಣಗಾಗಿತ್ತು. ‘ಎಂಬತ್ತೆಂಟರ ಹತ್ತಿರ ಅದರಿ.’

ಕಾಕಾ ಅಷ್ಟೂ ದಿನ ನಾಡಿಯ ನಂಬರ್ ಹೇಳಿದ್ದರು. ನಾನು ಅದನ್ನೇ ಸ್ಯಾಚುರೇಶನ್ ಅಂತ ಬರೆದಿದ್ದೆ. 94ಕ್ಕಿಂತ ಕೆಳಗೆ ಬಂದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು ಅನ್ನುವುದು ನನಗೆ ಬಾಯಿಪಾಠ. ಯಾವ ನಂಬರ್ ಓದಬೇಕು ಅಂತ ಮಾತ್ರ ಅವರಿಗೆ ಒಂದು ಸಲವೂ ತೋರಿಸಿಕೊಟ್ಟಿರಲಿಲ್ಲ.

108ಕ್ಕೆ ಪಕ್ಕದ ಟೇಬಲಿನವಳು ಹಚ್ಚಿದಳು. ನಾನು ಸೊಸೆಯ ಫೋನ್ ಇಡಲಿಲ್ಲ. ಕಾಕಾರನ್ನು ಬೋರಲಾಗಿ ಮಲಗಿಸಿ, ಎದೆ ಕೆಳಗೆ ಒಂದು ದಿಂಬು, ಕಾಲ ಕೆಳಗೆ ಒಂದು ಅಂದೆ. ಕಿಟಕಿಯ ಸೀರೆ ತೆಗೆಸಿದೆ. ಐದು ನಿಮಿಷದ ಮೇಲೆ 90. ಹತ್ತು ನಿಮಿಷಕ್ಕೆ 91. ಅಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತೂ ಅವಳು ನಂಬರ್ ಹೇಳುತ್ತಾ ಹೋದಳು, ನಾನು ಶೀಟಿನ ಹಿಂದೆ ಬರೆಯುತ್ತಾ ಹೋದೆ. ಕಾಕಾ ನಡುವೆ ಒಮ್ಮೆ, ‘ದವಾಖಾನಿಗಿ ಬ್ಯಾಡವ್ವ’ ಅಂದರು. ಏನು ಹೇಳಬೇಕು ಗೊತ್ತಾಗಲಿಲ್ಲ. ‘ನಾನು ದಿನಾ ಕೇಳ್ತೀನಿ ಕಾಕಾ, ಹೋಗಿ ಬನ್ನಿ’ ಅಂದೆ.

ಆ ರಾತ್ರಿ ಡ್ಯೂಟಿ ಮುಗಿದ ಮೇಲೂ ಕೂತು, ಲಿಸ್ಟಿನಲ್ಲಿದ್ದ ವಯಸ್ಸಾದವರಿಗೆಲ್ಲ ಮತ್ತೆ ಕಾಲ್ ಮಾಡಿದೆ. ಇನ್ನೂ ಇಬ್ಬರು ನಾಡಿಯ ನಂಬರನ್ನೇ ಓದುತ್ತಿದ್ದರು. ಅವರ ಸ್ಯಾಚುರೇಶನ್ ಸದ್ಯ ಚೆನ್ನಾಗಿತ್ತು. ಅವತ್ತಿನಿಂದ ಹೆಂಗಿದ್ದೀರಿ ಅಂತ ಕೇಳುವುದನ್ನು ಬಿಟ್ಟೆ. ಬೆಳಿಗ್ಗೆ ಎಷ್ಟು ರೊಟ್ಟಿ ಉಂಡಿರಿ, ಬಚ್ಚಲಿಗೆ ಹೋಗಿ ಬಂದರೆ ದಮ್ಮು ಹತ್ತುತ್ತದಾ, ಯಾರ ಜೊತೆ ಮಾತಾಡಿದಿರಿ ಅಂತ ಕೇಳುತ್ತಿದ್ದೆ. ಅವರು ಒಂದು ಪೂರ್ತಿ ಮಾತನ್ನು ಒಂದೇ ಉಸಿರಿಗೆ ಹೇಳುತ್ತಾರಾ ಅಂತ ಕಿವಿಗೊಟ್ಟು ಕೇಳುತ್ತಿದ್ದೆ. ಒಂದು ಕಾಲ್‌ಗೆ ಎರಡು ನಿಮಿಷ ಜಾಸ್ತಿ ಹಿಡಿಯಿತು. ಪೆಂಡಿಂಗ್ ಉಳಿಯಿತು, ಬೈಸಿಕೊಂಡೆ. ಶೀಟಿಗೆ ಹೊಸ ಕಾಲಂ ಕೊನೆವರೆಗೂ ಬರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ.

ಕಾಕಾ ಹನ್ನೊಂದು ದಿನದ ಮೇಲೆ ಮನೆಗೆ ಬಂದರು. ಫಾಲೋಅಪ್ ಕಾಲ್ ನಾನೇ ಮಾಡಿದೆ.

‘ಆರಾಮ ಅದೀನವ್ವ.’

ನಾನು ಸುಮ್ನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, ‘ಇವತ್ತ ಅರ್ಧ ರೊಟ್ಟಿ ಉಂಡೀನಿ. ಪುಂಡಿಪಲ್ಯ ಮಾಡಿದ್ಳು.’