ಕೊಲೆಯಾಗುವವರಲ್ಲಿ ಗಂಡಸರೇ ಹೆಚ್ಚು, ಮತ್ತೆ ಹೆಂಗಸರ ಲೆಕ್ಕ ಬೇರೆ ಯಾಕೆ?

ಫೆಮಿಸೈಡ್ ಸಂಶೋಧನೆ, ಅಂದರೆ ಹೆಣ್ಣೆಂಬ ಕಾರಣಕ್ಕೆ ನಡೆಯುವ ಕೊಲೆಗಳ ಅಧ್ಯಯನ ಎಂದೊಡನೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಅಂಕಿ ತಪ್ಪಲ್ಲ. ಜಗತ್ತಿನಲ್ಲಿ ಕೊಲೆಯಾಗುವವರಲ್ಲಿ ಸುಮಾರು ಶೇ. 80 ಮಂದಿ ಗಂಡಸರೇ. ಆದರೆ ಕೊಂದವರು ಯಾರೆಂದು ನೋಡಿ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 85,000 ಹೆಂಗಸರು, ಹುಡುಗಿಯರು ಕೊಲೆಯಾದರು. ಅವರಲ್ಲಿ 51,100 ಮಂದಿಯನ್ನು, ಅಂದರೆ ಶೇ. 60ರಷ್ಟು ಜನರನ್ನು, ಕೊಂದದ್ದು ಸಂಗಾತಿ ಇಲ್ಲವೇ ಮನೆಯವರು. ಗಂಡಸರಲ್ಲಿ ಆ ಪಾಲು ಶೇ. 12ರ ಆಸುಪಾಸು.

ಸಂಗಾತಿಯೇ ಮಾಡಿದ ಕೊಲೆಗೆ ಬಹಳ ಸಲ ಹಿಂದಿನ ಕಥೆಯೊಂದು ಇರುತ್ತದೆ: ಹೊಡೆತ, ಬೆದರಿಕೆ, ಹಿಂಬಾಲಿಸುವುದು, ಬಿಟ್ಟುಹೋಗಲು ಹೊರಟಾಗ ಹೆಚ್ಚುವ ಕೋಪ. ಅದು ಮೊದಲೇ ಕಾಣಿಸುತ್ತದೆಯೇ ಎಂಬುದೇ ಈ ಸಂಶೋಧನೆಯ ತಿರುಳು.

ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರ ತಂಡ ಅಮೆರಿಕದ 11 ನಗರಗಳಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಂಗಾತಿಯ ಕೈಯಲ್ಲಿ ಸತ್ತ 220 ಹೆಂಗಸರನ್ನು, ಹಿಂಸೆ ಅನುಭವಿಸಿಯೂ ಬದುಕಿರುವ 343 ಹೆಂಗಸರ ಜೊತೆ ಹೋಲಿಸಿದರು. ಸತ್ತವರನ್ನು ಕೇಳುವಂತಿಲ್ಲ, ಹಾಗಾಗಿ ಅವರ ಬದುಕು ಬಲ್ಲ ಆಪ್ತರನ್ನು ಕೇಳಬೇಕು. ತೊಡಕು ಇರುವುದೂ ಇಲ್ಲೇ: ಮುಚ್ಚಿಟ್ಟ ಹೊಡೆತ ಅಕ್ಕನಿಗೂ ಗೊತ್ತಿರುವುದಿಲ್ಲ, ಕೊಲೆಯಾದ ಮೇಲೆ ನೆನಪೂ ಬಣ್ಣ ಬದಲಿಸುತ್ತದೆ. ಇದೇ ಮಾಹಿತಿಯ ಮೇಲೆ ನಿಂತ 2008ರ ವಿಶ್ಲೇಷಣೆಯಲ್ಲಿ, ಹಿಂದೊಮ್ಮೆ ಸಂಗಾತಿ ಕತ್ತು ಹಿಸುಕಿದ್ದರೆ ಕೊಲೆಯ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಕಂಡಿತು. ಗಾಯದ ಗುರುತೇ ಉಳಿಯದಿರಬಹುದಾದ ಈ ಕೃತ್ಯವನ್ನು 'ಚಿಕ್ಕ ಜಗಳ' ಎಂದು ದಾಖಲಿಸುವುದು ಎಂಥ ತಪ್ಪು, ಯೋಚಿಸಿ. ಹಾಗೆಂದು ಕತ್ತು ಹಿಸುಕಿಸಿಕೊಂಡ ಪ್ರತಿಯೊಬ್ಬಳೂ ಸಾಯುತ್ತಾಳೆಂದಲ್ಲ. ಹಿಂಸೆಗೆ ಹೋಲಿಸಿದರೆ ಕೊಲೆ ಅಪರೂಪ, ಆದ್ದರಿಂದ ಇಂಥ ಲಕ್ಷಣಗಳನ್ನು ಕೇಳಿ ಅಪಾಯ ಅಳೆಯುವ ಯಾವ ಪ್ರಶ್ನಾವಳಿಯೂ ಅನೇಕ ಬಾರಿ ಸುಮ್ಮನೆ ಎಚ್ಚರಿಸುತ್ತದೆ. ಯಾರಿಗೆ ಮೊದಲು ರಕ್ಷಣೆ ಕೊಡಬೇಕೆಂದು ತೀರ್ಮಾನಿಸಲು ಅದು ಸಾಕು, ಭವಿಷ್ಯ ಹೇಳಲು ಸಾಲದು.

ಎಣಿಕೆಯ ಪಾಡು ಇನ್ನೂ ಕಷ್ಟದ್ದು. 2022ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಚೌಕಟ್ಟಿನಲ್ಲಿ ಮೂರು ಗುಂಪುಗಳಿವೆ: ಸಂಗಾತಿ ಕೊಂದದ್ದು, ಮನೆಯವರು ಕೊಂದದ್ದು, ಹೊರಗಿನವರು ಕೊಂದರೂ ಲೈಂಗಿಕ ಹಿಂಸೆ, ಅಂಗಚ್ಛೇದ, ಮಾನವ ಸಾಗಣೆಯಂಥ ಗುರುತುಗಳಿರುವುದು. ಮೊದಲೆರಡಕ್ಕೆ ಕೊಂದವನಿಗೂ ಸತ್ತವಳಿಗೂ ಏನು ಸಂಬಂಧ ಎಂಬ ಕಾಲಂ ತುಂಬಿರಬೇಕು. ಅದನ್ನು ಖಾಲಿ ಬಿಟ್ಟರೆ, ಅಥವಾ ಮಾಜಿ ಗಂಡನನ್ನು 'ಪರಿಚಿತ' ಎಂದು ಬರೆದರೆ, ಆ ಸಾವು ಲೆಕ್ಕದಿಂದಲೇ ಜಾರುತ್ತದೆ. ಮೂರನೆಯದಕ್ಕೆ ಶವಪರೀಕ್ಷೆಯ ವರದಿ, ತನಿಖೆಯ ಕಡತ ಎರಡನ್ನೂ ಜೋಡಿಸಿ ಓದಬೇಕು. ಆತ್ಮಹತ್ಯೆ, ಅಪಘಾತ ಎಂದು ಮುಚ್ಚಿದ ಕಡತಗಳು ಇಲ್ಲಿಗೆ ಬರುವುದೇ ಇಲ್ಲ. ಪತ್ರಿಕಾ ವರದಿಗಳಿಂದ ಕೊರತೆ ತುಂಬಿಸಬಹುದು, ಆದರೆ ಸುದ್ದಿಯಾಗದ ಸಾವು ಅಲ್ಲೂ ಸಿಗದು.

ಒಂದು ಜಿಲ್ಲೆಯಲ್ಲಿ ಈ ವರ್ಷ ನಾಲ್ಕು, ಮರುವರ್ಷ ಎಂಟು ಕೊಲೆ ನಡೆದರೆ 'ದ್ವಿಗುಣ' ಎಂಬ ತಲೆಬರಹ ಸಿದ್ಧ. ಇಷ್ಟು ಸಣ್ಣ ಸಂಖ್ಯೆ ಕಾಕತಾಳೀಯವಾಗಿಯೂ ಹೀಗೆ ಏರಿಳಿಯುತ್ತದೆ. ಐದು ವರ್ಷಗಳ ಸರಾಸರಿಯನ್ನು, ಅದೂ ಲಕ್ಷ ಹೆಂಗಸರಿಗೆ ಎಷ್ಟು ಎಂಬ ದರದಲ್ಲಿ ನೋಡಿದರೆ ಮಾತ್ರ ಏರಿಕೆಯ ಮಾತಾಡಬಹುದು.