ಬಲಗಡೆ ಸೀಟಿನ ತಯಾರಿ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ

ಡಿಸೆಂಬರ್ 2025

ಬಲಗಡೆ ಸೀಟು ಅಂದರೆ ಏರ್‌ಲೈನ್ ವಿಮಾನದಲ್ಲಿ ಕ್ಯಾಪ್ಟನ್ ಪಕ್ಕದ ಫಸ್ಟ್ ಆಫೀಸರ್ (ಸಹ ಪೈಲಟ್) ಸೀಟು. ಸದ್ಯದ ಸ್ಥಿತಿ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಇದೆ, ಮಲ್ಟಿ ಎಂಜಿನ್ ಐಆರ್ (ಸೂಚಕಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ) ಇದೆ, ಲಾಗ್‌ಬುಕ್‌ನಲ್ಲಿ 200 ಚಿಲ್ಲರೆ ಗಂಟೆ ಇದೆ. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇಲ್ಲ, ಕೆಲಸವೂ ಇಲ್ಲ.

ಇಂಡಿಗೋ ಸಾವಿರಾರು ಫ್ಲೈಟ್ ರದ್ದು ಮಾಡಿದ ವಾರ ಮನೆಗೆ ಫೋನ್ ಮೇಲೆ ಫೋನ್. "ಪೈಲಟ್‌ಗಳೇ ಸಾಲ್ತಿಲ್ವಂತಲ್ಲೋ, ನೀನ್ಯಾಕೆ ಇನ್ನೂ ಮನೇಲಿದೀಯ?" ಅಂತ ದೊಡ್ಡಮ್ಮ. ನ್ಯಾಯವಾದ ಪ್ರಶ್ನೆಯೇ.

ಪೈಲಟ್‌ಗಳ ಹೊಸ ಡ್ಯೂಟಿ ನಿಯಮದಲ್ಲಿ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದೆ. ನವೆಂಬರ್ 1ರಿಂದ ಒಬ್ಬ ಪೈಲಟ್ ರಾತ್ರಿ ಮಾಡಬಹುದಾದ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿದಿದೆ. ಅಷ್ಟೇ ಫ್ಲೈಟ್‌ಗೆ ಈಗ ಜಾಸ್ತಿ ಜನ ಬೇಕು, ನಿಜ. ಆದರೆ ಬೇಕಾಗಿರುವುದು ನಾಳೆ ಬೆಳಿಗ್ಗೆಯೇ ಹಾರಬಲ್ಲವರು. ನನ್ನಂಥವನನ್ನು ಇವತ್ತೇ ತಗೊಂಡರೂ ಟೈಪ್ ರೇಟಿಂಗ್, ಬೇಸ್ ಟ್ರೇನಿಂಗ್, ಲೈನ್ ಟ್ರೇನಿಂಗ್ ಮುಗಿಯಲು ತಿಂಗಳುಗಳು ಬೇಕು. ಕ್ಯಾಪ್ಟನ್ ಆಗಬೇಕಾದರೆ ಎಟಿಪಿಎಲ್ (ಅದಕ್ಕೂ ಮೇಲಿನ ಏರ್‌ಲೈನ್ ಪೈಲಟ್ ಲೈಸೆನ್ಸ್) ಬೇಕು, ಅದಕ್ಕೆ 1,500 ಗಂಟೆ. ಕೊರತೆ ಇರುವುದು ಆ ತುದಿಯಲ್ಲಿ. ಈ ತುದಿಯಲ್ಲಿ ನೂಕುನುಗ್ಗಲು. 2023 ಒಂದೇ ವರ್ಷ ವಿಮಾನಯಾನ ನಿಯಂತ್ರಕ ಡಿಜಿಸಿಎ 1,600ಕ್ಕೂ ಹೆಚ್ಚು ಸಿಪಿಎಲ್ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತುಹೋಯಿತು. ಅದರ ಏರ್‌ಬಸ್ ಎ320 ಹಾರಿಸಿ ಅನುಭವ ಇದ್ದವರೂ ಕೆಲಸ ಹುಡುಕಿಕೊಂಡು ಬಂದರು. ಅವರ ಹಿಂದೆ ನಾವು.

ಜನವರಿ

ಟೈಪ್ ರೇಟಿಂಗ್ ಸ್ವಂತ ದುಡ್ಡಲ್ಲಿ ಮಾಡಿಕೊಳ್ಳಬೇಕಾ? ಮನೆಯಲ್ಲಿ ಇದೇ ಚರ್ಚೆ. ಎ320ಗೆ ಇಪ್ಪತ್ತು ಲಕ್ಷದ ಆಸುಪಾಸು. ಅಪ್ಪ ಸೈಟು ಮಾರೋಣ ಅಂದರು. ಬೇಡ ಅಂದೆ.

ಕಾರಣ ದುಡ್ಡೊಂದೇ ಅಲ್ಲ. ಯಾವ ವಿಮಾನದ ರೇಟಿಂಗ್ ಮಾಡೋದು? ಆಕಾಸ ಏರ್ ಹತ್ತಿರ ಇರುವುದೆಲ್ಲ ಬೋಯಿಂಗ್ 737 ಮ್ಯಾಕ್ಸ್. ಇಂಡಿಗೋ ಹತ್ತಿರ ಎ320 ಜೊತೆ ಎಟಿಆರ್. ಗೋವಾದ ಫ್ಲೈ91 ಹಾರಿಸುವುದು ಎಟಿಆರ್. ನಮ್ಮ ಹುಬ್ಬಳ್ಳಿ, ಬೆಳಗಾವಿಗೆಲ್ಲ ಬರುವ ಸ್ಟಾರ್ ಏರ್‌ನಲ್ಲಿ ಎಂಬ್ರೇಯರ್. ಒಂದಕ್ಕೆ ದುಡ್ಡು ಕಟ್ಟಿದರೆ ಉಳಿದ ಬಾಗಿಲಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರಲ್ಲ. ರೇಟಿಂಗ್ ಮಾಡಿ ಸುಮ್ನೆ ಕೂತರೆ ರೀಸೆನ್ಸಿ (ಇತ್ತೀಚೆಗೆ ಹಾರಿಸಿದ ಅನುಭವ) ಹೋಗುತ್ತದೆ, ಮತ್ತೆ ಸಿಮ್ಯುಲೇಟರ್‌ಗೆ ದುಡ್ಡು. ಆಫರ್ ಬಂದ ಮೇಲೆ ಕಟ್ಟುವುದು ಬೇರೆ ಲೆಕ್ಕ. ಆಗ ಸೈಟಿನ ಮಾತು ಮತ್ತೆ ತೆಗೆಯಬಹುದು.

ಕ್ಲಾಸ್ 1 ಮೆಡಿಕಲ್ ರಿನ್ಯೂ ಆಯಿತು. ಇನ್ನೊಂದು ವರ್ಷ ಚಿಂತೆ ಇಲ್ಲ.

ಫೆಬ್ರವರಿ

ಈ ತಿಂಗಳ ದೊಡ್ಡ ಕೆಲಸ ಮನೆಯ ಮೇಜಿನ ಮೇಲೆ. ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್, ಒಂದು ಥ್ರಾಟಲ್, ಎಕ್ಸ್-ಪ್ಲೇನ್ ಅನ್ನುವ ಕಂಪ್ಯೂಟರ್ ಸಿಮ್ಯುಲೇಟರ್. ಗುರಿ ಒಂದೇ: ಏರ್‌ಲೈನ್‌ನವರ ಸಿಮ್ಯುಲೇಟರ್ ಪರೀಕ್ಷೆಯಲ್ಲಿ (ಸಿಮ್ ಚೆಕ್) ಕೇಳುವ ರಾ ಡೇಟಾ ಐಎಲ್‌ಎಸ್, ಅಂದರೆ ರನ್‌ವೇಯಿಂದ ಬರುವ ರೇಡಿಯೋ ಸಂಕೇತ ನೋಡಿಕೊಂಡು ಕೈಯಿಂದಲೇ ಇಳಿಸುವುದು. ಆಟೋಪೈಲಟ್ ಇಲ್ಲ, ಫ್ಲೈಟ್ ಡೈರೆಕ್ಟರ್ (ಎತ್ತ ತಿರುಗಿಸಬೇಕು ಅಂತ ಪರದೆಯಲ್ಲಿ ತೋರಿಸುವ ಗೆರೆ) ಇಲ್ಲ, ಆಟೋಥ್ರಸ್ಟ್ ಇಲ್ಲ. ನೀವು, ಸೂಚಕಗಳು, ಅಷ್ಟೇ.

ಜಾಯ್‌ಸ್ಟಿಕ್‌ನಿಂದ ಕೈಗೆ ನಿಜವಾದ ಹಿಡಿತ ಬರಲ್ಲ. ಅದರ ಆಸೆ ಬಿಡಿ. ಬರುವುದು ಕಣ್ಣಿನ ಅಭ್ಯಾಸ. ಪಿಚ್ (ವಿಮಾನದ ಮೂಗು ಎಷ್ಟು ಮೇಲೆ, ಕೆಳಗೆ) ನೋಡು, ಲೋಕಲೈಝರ್ (ರನ್‌ವೇಯ ನಡುಗೆರೆ ತೋರಿಸುವ ಸೂಚಕ) ನೋಡು, ಪಿಚ್‌ಗೆ ವಾಪಸ್ ಬಾ, ಸ್ಪೀಡ್ ನೋಡು, ಮತ್ತೆ ಪಿಚ್. ಸೂಚಕದ ಹಿಂದೆ ಓಡಬಾರದು. ಇಷ್ಟು ಪಿಚ್ಚಿಗೆ ಇಷ್ಟು ಥ್ರಸ್ಟ್ ಅಂತ ಇಟ್ಟು, ಏನಾಗುತ್ತದೆ ಅಂತ ಕಾಯಬೇಕು.

ಗ್ಲೈಡ್ ಸ್ಲೋಪ್ (ರನ್‌ವೇಗೆ ಇಳಿಯುವ ಓರೆದಾರಿ) ಲೆಕ್ಕ ಬಾಯಿಪಾಠ: ಗ್ರೌಂಡ್ ಸ್ಪೀಡಿನ ಅರ್ಧಕ್ಕೆ ಒಂದು ಸೊನ್ನೆ ಸೇರಿಸಿ. 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ ಇಳಿಕೆ. ಇದರಲ್ಲಿ ಒಂದು ಮಜಾ ಇದೆ. ಚೆನ್ನೈ ಸಮುದ್ರಮಟ್ಟದ ಹತ್ತಿರ, ಬೆಂಗಳೂರು ಏರ್‌ಪೋರ್ಟ್ ಸುಮಾರು 3,000 ಅಡಿ ಮೇಲೆ. ಗಾಳಿ ಬೀಸುತ್ತಿಲ್ಲ ಅಂದುಕೊಂಡರೂ, ಸ್ಪೀಡ್ ಟೇಪ್‌ನಲ್ಲಿ ಅದೇ 140 ತೋರಿಸುವಾಗ ಬೆಂಗಳೂರಿನ ಎತ್ತರದ ತೆಳು ಗಾಳಿಯಲ್ಲಿ ಗ್ರೌಂಡ್ ಸ್ಪೀಡ್ ಜಾಸ್ತಿ. ಇಳಿಕೆ 750ರ ಹತ್ತಿರ ಬೇಕು. ಚೆನ್ನೈ ಲೆಕ್ಕ ಹಿಡಿದು ದೇವನಹಳ್ಳಿಗೆ ಬಂದರೆ ಗ್ಲೈಡ್ ಸ್ಲೋಪ್‌ಗಿಂತ ಮೇಲೇ ಉಳಿಯುತ್ತೀರಿ.

ಬ್ಯಾಚಿನ ಗೆಳೆಯ ಶನಿವಾರ ಬಂದು ಪಕ್ಕದಲ್ಲಿ ಕೂತು ಕಾಲ್‌ಔಟ್ ಕೊಡುತ್ತಾನೆ. ಸಾವಿರ ಅಡಿಯಲ್ಲಿ ಸ್ಟೇಬಲ್ ಇಲ್ಲದಿದ್ದರೆ ಗೋ ಅರೌಂಡ್ (ಇಳಿಸದೆ ಮತ್ತೆ ಮೇಲೇರುವುದು). ವಾದ ಮಾಡುವಂತಿಲ್ಲ.

ಇಂಟರ್‌ವ್ಯೂ ತಯಾರಿಯೂ ಇಲ್ಲಿಂದಲೇ ಶುರುವಾಯಿತು. "ಕ್ಯಾಪ್ಟನ್ ನಿಮ್ಮ ಮಾತು ಕೇಳದೆ ಇಳಿಸುತ್ತಿದ್ದರೆ ಏನು ಮಾಡ್ತೀರಿ?" ಇದು ತಪ್ಪದೆ ಬರುವ ಪ್ರಶ್ನೆ. ಎಲ್ಲರೂ ಒಂದೇ ಕೋಚಿಂಗ್ ಉತ್ತರ ಒಪ್ಪಿಸುತ್ತಾರೆ. ಅದನ್ನು ಬಿಟ್ಟು 2010ರ ಮಂಗಳೂರು ಅಪಘಾತದ ತನಿಖಾ ವರದಿ ಓದಿದೆ. ಮೇ 22, ದುಬೈಯಿಂದ ಬಂದ 737. 158 ಜನ ಸತ್ತರು, ಎಂಟು ಜನ ಉಳಿದರು. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂದಿದ್ದರು. ಕ್ಯಾಪ್ಟನ್ ಅಪ್ರೋಚ್ ಬಿಡಲಿಲ್ಲ. ವಿಮಾನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು.

ನಾನು ಕೇಳುತ್ತಿರುವುದು ಅದೇ ಬಲಗಡೆ ಸೀಟನ್ನು. ಬಾಯಲ್ಲಿ ಹೇಳುವುದು ಯಾವಾಗ ಮುಗಿಯುತ್ತದೆ, ಕೈ ಹಾಕುವುದು ಯಾವಾಗ ಶುರುವಾಗುತ್ತದೆ? ಇನ್ನೂರು ಗಂಟೆಯ ಹುಡುಗ ಸಾವಿರಾರು ಗಂಟೆಯವರ ಕೈಯಿಂದ ಕಂಟ್ರೋಲ್ ತಗೊಳ್ಳುತ್ತಾನಾ? ನಿಯಮ ಗೊತ್ತಿದ್ದರೆ ಸಾಲದು. ಗೆಳೆಯನ ಜೊತೆ ಆಟಕ್ಕೆ "ಐ ಹ್ಯಾವ್ ಕಂಟ್ರೋಲ್" ಅನ್ನಲೂ ಮೊದಮೊದಲು ನಾಲಿಗೆ ಹೊರಳಲಿಲ್ಲ. ಈಗ ಅದನ್ನೂ ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇವೆ. ಪಕ್ಕದ ಮನೆಯವರು ಏನಂದುಕೊಂಡಿದ್ದಾರೋ!

ಮಾರ್ಚ್

ಐಆರ್ ರಿನ್ಯೂಗೆ ಕಲಬುರಗಿಗೆ ಹೋಗಿ ಬಂದೆ. ಟ್ವಿನ್ ಎಂಜಿನ್ ಗಂಟೆ ಅಂದರೆ ಪರ್ಸು ಖಾಲಿ. ಆದರೆ ಐಆರ್ ಲ್ಯಾಪ್ಸ್ ಆದ ವಾರವೇ ವೇಕೆನ್ಸಿ ಬಂದರೆ? ಅರ್ಜಿಯ ಮೊದಲ ಕಾಲಂನಲ್ಲೇ ಅದನ್ನು ಕೇಳುತ್ತಾರೆ. ಬೆಳಗಿನ ಸ್ಲಾಟ್ ಬೇಡಿ ತಗೊಂಡೆ. ಮಾರ್ಚ್‌ನಲ್ಲಿ ಅಲ್ಲಿ ಹತ್ತು ಗಂಟೆ ದಾಟಿದರೆ ನೆಲದ ಬಿಸಿಗೆ ವಿಮಾನ ಕುಣಿಯುತ್ತದೆ. ಚೆಕ್ ಪಾಸ್.

ಇನ್‌ಸ್ಟ್ರಕ್ಟರ್ ಆಗುವ ದಾರಿಯನ್ನೂ ವಿಚಾರಿಸಿದೆ. ಸಂಬಳ ಕಮ್ಮಿ, ಆದರೆ ಲಾಗ್‌ಬುಕ್ ಬೆಳೆಯುತ್ತದೆ, ಕೈ ತುಕ್ಕು ಹಿಡಿಯಲ್ಲ. ಜೂನ್‌ವರೆಗೆ ಏನೂ ಆಗದಿದ್ದರೆ ಅದೇ.

ವಾಪಸ್ ಬರುವಾಗ ರೈಲಿನಲ್ಲೇ ಮೇಲ್ ಬಂತು. ಒಂದು ಏರ್‌ಲೈನ್‌ನ ಲಿಖಿತ ಪರೀಕ್ಷೆ, ಅದು ಪಾಸಾದರೆ ಸೈಕೋಮೆಟ್ರಿಕ್, ಆಮೇಲೆ ಸಿಮ್. ಮೆಡಿಕಲ್, ಐಆರ್ ಎರಡರ ಸ್ಕ್ಯಾನ್ ಕಾಪಿ ಎರಡು ದಿನದಲ್ಲಿ ಬೇಕಂತೆ. ಅವತ್ತೇ ಕಳಿಸಿದೆ. ಹವಾಮಾನದ ಪೇಪರ್ ಇನ್ನೂ ನನಗೆ ಕಷ್ಟ, ಅದರಲ್ಲೂ ಮೆಟಾರ್ (ಏರ್‌ಪೋರ್ಟಿನ ಹವಾಮಾನದ ಚುಟುಕು ವರದಿ) ಬಿಟ್ಟು ಬೇರೆ ಚಾರ್ಟ್ ಕೊಟ್ಟರೆ. ಈ ವಾರ ಎಕ್ಸ್-ಪ್ಲೇನ್ ಬಂದ್, ಬರೀ ಚಾರ್ಟ್.